ಮಜ್ಜಿಗೆ ಕುಡಿದು ಬಂದ ಮನೆ

ನಾನು ಓದಲು ಕಲಿತದ್ದು ಒಂದು ತೊಟ್ಟಿಲಿನ ದೆಸೆಯಿಂದ. ಅರ್ಜಿ ಬರೆದದ್ದು, ಚುನಾವಣೆಗೆ ನಿಂತದ್ದು, ಸೋತದ್ದು ಎಲ್ಲ ಅದರ ಹಿಂದೆಯೇ ಒಂದೊಂದಾಗಿ ಬಂದವು. ಹಾಗಾಗಿ ತೊಟ್ಟಿಲಿನಿಂದಲೇ ಶುರು ಮಾಡುತ್ತೇನೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮೂರು ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಕಡೆಯ ಒಂದು ಹಳ್ಳಿ. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಟ್ಟೆ ಅನ್ನುವುದಕ್ಕಿಂತ, ಒಂದು ದಿನ ಹಸು ಹೊಡೆದುಕೊಂಡು ಹೋದವನು ಮತ್ತೆ ಆ ಕಡೆ ತಿರುಗಲಿಲ್ಲ ಅನ್ನಬೇಕು. ಅಣ್ಣನಿಗೆ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಣ್ಣ ಅತ್ತಿಗೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಒಂದು ಶೀಟಿನ ಮನೆ ಮಾಡಿದರು. ಅವರ ಪಾತ್ರೆ ಗಂಟಿನ ಜೊತೆಗೆ ನಾನೂ ಬಂದೆ. ಅಣ್ಣ ನನ್ನನ್ನು ಹಿರೇಹಳ್ಳಿಯಲ್ಲೇ ಒಂದು ವರ್ಕ್‌ಶಾಪಿಗೆ ಸೇರಿಸಿದ. ಕಬ್ಬಿಣದ ತುಂಡಿಗೆ ತೂತು ಕೊರೆಯುವ ಕೆಲಸ. ತೂತು ಕೊರೆಯಲು ಅಕ್ಷರ ಬೇಕಿರಲಿಲ್ಲ.

ಬಸ್ಸು ಹತ್ತಲು ಬೇಕಿತ್ತು, ಅದು ಆಮೇಲೆ ಗೊತ್ತಾಯಿತು. ಅತ್ತಿಗೆಯ ತಂಗಿಯ ಮಗುವಿಗೆ ಊರಲ್ಲಿ ನಾಮಕರಣ. ತೊಟ್ಟಿಲು ತುಮಕೂರಿನಿಂದ ಹೋಗಬೇಕು. ಅತ್ತಿಗೆ ಎರಡು ದಿನ ಮುಂಚೆ ಹೋಗಿದ್ದರು, ಅಣ್ಣನಿಗೆ ಶಿಫ್ಟು. ಹಾಗಾಗಿ ಬಣ್ಣದ ತೊಟ್ಟಿಲನ್ನು ತಲೆ ಮೇಲೆ ಹೊತ್ತುಕೊಂಡು ನಾನು ಬಸ್ ಸ್ಟ್ಯಾಂಡಿಗೆ ಹೋದೆ. ಗುಬ್ಬಿ ಬಸ್ಸಿನ ಗುರುತು ನನಗೆ ಹಸಿರು ಪಟ್ಟಿ. ಹಸಿರು ಪಟ್ಟಿಯ ಬಸ್ಸು ನಿಂತಿತ್ತು. ಮೇಲೆ ಹತ್ತಿ ತೊಟ್ಟಿಲು ಕಟ್ಟಿ, ಕೆಳಗಿಳಿದು ಸೀಟು ಹಿಡಿದು ನಿದ್ದೆ ಹೋದೆ.

“ಏಯ್ ಅಣ್ಣ, ಏಳು. ಎಲ್ಲಿಗೆ?” ಅಂತ ಕಂಡಕ್ಟರ್ ಭುಜ ಅಲ್ಲಾಡಿಸಿದ.

“ಗುಬ್ಬಿಗೊಂದು ಕೊಡಿ.”

ಅವನು ಟಿಕೆಟ್ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನನ್ನನ್ನೇ ನೋಡಿದ. “ಹೆಬ್ಬೂರು ದಾಟಿ ಆಯ್ತು ಕಣಣ್ಣ. ಇದು ಕುಣಿಗಲ್ ಬಸ್ಸು. ಬೋರ್ಡ್ ನೋಡ್ಲಿಲ್ವಾ?”

“ನೋಡ್ದೆ” ಅಂದೆ. ಸುಳ್ಳೇನಲ್ಲ, ನೋಡಿದ್ದೆ.

ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ತೊಟ್ಟಿಲು ಇಳಿಸಿಕೊಂಡು ನಿಂತಾಗ ಸುತ್ತ ಜನ ಸೇರಿದರು. ಹೂವಿನ ಅಂಗಡಿಯ ಒಬ್ಬ ಹಿರಿಯರು ತೊಟ್ಟಿಲೊಳಗೆ ಬಗ್ಗಿ ನೋಡಿ, “ಮಗು ಎಲ್ಲಪ್ಪ?” ಅಂದರು. ನಾನು ನಡೆದದ್ದೆಲ್ಲ ಹೇಳಿದೆ. ಅವರು ನಗದೆ ಟೀ ಕುಡಿಸಿ, ವಾಪಸ್ ಬಸ್ಸಿಗೆ ತೊಟ್ಟಿಲು ಹತ್ತಿಸಿ, “ತುಮಕೂರಲ್ಲಿ ಇಳ್ದು ಯಾರನ್ನಾದ್ರೂ ಕೇಳು ಕಣಯ್ಯ, ನಾಚ್ಕೋಬೇಡ” ಅಂತ ಕಳಿಸಿದರು. ಊರು ಮುಟ್ಟುವ ಹೊತ್ತಿಗೆ ಸಂಜೆ. ಮಗುವನ್ನು ಸೀರೆಯ ಜೋಲಿಯಲ್ಲಿ ಹಾಕಿ ಹೆಸರು ಇಟ್ಟು ಮುಗಿಸಿದ್ದರು. ಹೋಳಿಗೆ ಮಾತ್ರ ಇತ್ತು.

ಅತ್ತಿಗೆ ಊರಲ್ಲಿ ಏನೂ ಅನ್ನಲಿಲ್ಲ. ಶೆಟ್ಟಿಹಳ್ಳಿಗೆ ಬಂದ ಮೇಲೆ, ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ಹೇಳಿದರು: “ಆ ದೇವಸ್ಥಾನದ ಹಿಂದೆ ಸಂಜೆ ಹೊತ್ತು ಅಕ್ಷರ ಹೇಳ್ಕೊಡ್ತಾರಂತೆ. ನಾಳೆಯಿಂದ ಹೋಗು.”

“ನನ್ಗೆ ಇಪ್ಪತ್ತೆರಡು ವರ್ಷ ಅತ್ಗೆಮ್ಮ.”

“ಅದಕ್ಕೇ ಬೇಗ ಹೋಗು ಅಂತಿರೋದು.”

ಅತ್ತಿಗೆಯೂ ಹೆಬ್ಬೆಟ್ಟು ಒತ್ತುವವರೇ. “ನೀವೂ ಬನ್ನಿ” ಅಂದದ್ದಕ್ಕೆ, “ನಾನು ಬಂದ್ರೆ ಮುದ್ದೆ ಯಾರು ತಿರುವ್ತಾರೆ, ನಿಮ್ಮಣ್ಣನಾ?” ಅಂದರು. ಅಣ್ಣ ಗೋಡೆ ಕಡೆ ತಿರುಗಿ ಬೀಡಿ ಹಚ್ಚಿಕೊಂಡ.

ಸಂಜೆ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರೆಲ್ಲ ಅಜ್ಜಿಯರು. ಅವರು ನನಗಿಂತ ಬೇಗ ಕಲಿತರು. ನಾನು ನಿಧಾನ, ಆದರೆ ಬಿಡುವವನಲ್ಲ. ಅಲ್ಲಿಂದ ಏಳನೇ ಕ್ಲಾಸು, ಆಮೇಲೆ ಹೊರಗಿನಿಂದ ಕಟ್ಟಿ ಎಸ್ಸೆಸ್ಸೆಲ್ಸಿ. ಗಣಿತವನ್ನು ಮೂರು ಸಲ ಬರೆದೆ. ಅಂತೂ ಪಾಸಾದ ದಿನ ಅತ್ತಿಗೆ ಅಂಕಪಟ್ಟಿಯನ್ನು ನನ್ನ ಕೈಯಲ್ಲೇ ಓದಿಸಿದರು.

“ಗಣಿತ ಮೂವತ್ತೈದು.”

“ಅದು ಜಾಸ್ತೀನಾ?”

“ಸಾಕಾಗೋಷ್ಟು.”

“ಸಾಕಾಗೋಷ್ಟಿದ್ರೆ ಸಾಕು ಬುಡು” ಅಂದು ಇಡೀ ಬೀದಿಗೆ ಸಕ್ಕರೆ ಹಂಚಿದರು.

ಆಮೇಲೆ ಕನ್ನಡ ಟೈಪಿಂಗ್ ಕಲಿತೆ. ಹತ್ತು ಬೆರಳಿನ ವಿದ್ಯೆ ಅದು. ನನಗೆ ಒಲಿದದ್ದು ಎರಡೇ ಬೆರಳಿಗೆ. ಇವತ್ತು ಇದನ್ನು ಕಂಪ್ಯೂಟರಿನಲ್ಲಿ ಹೊಡೆಯುತ್ತಿರುವುದೂ ಅದೇ ಎರಡರಿಂದ. ಮುಚ್ಚಿಹೋಗುತ್ತಿದ್ದ ಒಂದು ಟೈಪಿಂಗ್ ಶಾಲೆಯಿಂದ ಹಳೇ ಮಿಷನ್ ಒಂದನ್ನು ತಂದು ಅತ್ತಿಗೆಯ ಮನೆಯ ಜಗಲಿ ಮೇಲೆ ಇಟ್ಟುಕೊಂಡೆ. ಒಂದು ಭಾನುವಾರ ಅತ್ತಿಗೆ ಬೀದಿಯ ಕೊನೇ ಮನೆಯ ವಿಧವೆಯೊಬ್ಬರ ಕೈ ಹಿಡಿದು ಕರೆದುಕೊಂಡು ಬಂದರು.

“ಇವಳಿಗೆ ಪಿಂಚಣಿಗೊಂದು ಅರ್ಜಿ ಬರ್ಕೊಡು.”

ನನ್ನ ಮೊದಲ ಅರ್ಜಿ ಅದು. ಒಂದು ಪುಟಕ್ಕೆ ಒಂದು ಬೆಳಿಗ್ಗೆ ಪೂರ್ತಿ ಹಿಡಿಯಿತು. ತಾಲ್ಲೂಕು ಕಚೇರಿಯ ಗುಮಾಸ್ತರು ಓದಿ ಕನ್ನಡಕ ತೆಗೆದರು. “ಏನ್ರೀ, ಗಂಡ ಸತ್ತಿರೋದಾ, ಈಯಮ್ಮ ಸತ್ತಿರೋದಾ? ಇಲ್ಲಿ ಈಯಮ್ಮನೇ ಸತ್ತಿದೀನಿ ಅಂತ ಬರ್ದು ಹೆಬ್ಬೆಟ್ಟು ಒತ್ತವ್ರೆ.” ಆಯಮ್ಮ ಗಾಬರಿಯಿಂದ, “ನಾನಿನ್ನೂ ಇದೀನಿ ಸ್ವಾಮಿ” ಅಂದರು. ನಾನು ಮನೆಗೆ ಬಂದು ಮತ್ತೆ ಹೊಡೆದೆ. ಎರಡನೇ ಸಲ ಪಿಂಚಣಿ ಆಯಿತು.

ಅಷ್ಟೇ ಸಾಕಾಯಿತು. ರೇಷನ್ ಕಾರ್ಡು, ಜಾತಿ ಸರ್ಟಿಫಿಕೇಟು, ಶಾಲೆಯ ಟೀಸಿ, ಊರಿನ ಪಹಣಿ ಅಂತ ಜನ ಬರತೊಡಗಿದರು. ವಾರದಲ್ಲಿ ಆರು ದಿನ ಹಿರೇಹಳ್ಳಿಯಲ್ಲಿ ತೂತು ಕೊರೆಯುವುದು, ಭಾನುವಾರ ಜಗಲಿ ಮೇಲೆ ಅರ್ಜಿ. ಬೀದಿಯಲ್ಲಿ ನನಗೆ ಅರ್ಜಿಯಣ್ಣ ಅಂತಲೇ ಹೆಸರಾಯಿತು. ಅರ್ಜಿ ನಾನು ಬರೆಯುತ್ತಿದ್ದೆ. ಅದು ಬೇಕಾದವರನ್ನು ಹುಡುಕಿ ಕರೆತರುತ್ತಿದ್ದವರು ಅತ್ತಿಗೆ. ಆಗ ಅದನ್ನು ನಾನು ಲೆಕ್ಕಕ್ಕೇ ಇಡಲಿಲ್ಲ.

ಈ ನಡುವೆ ನನಗೆ ಹೆಣ್ಣು ನೋಡಲು ಕುಣಿಗಲ್‌ಗೆ ಹೋದೆವು. ಚಾಪೆ ಮೇಲೆ ಕೂತು ತಲೆ ಎತ್ತಿದರೆ ಎದುರಿಗೆ ಬಸ್ ಸ್ಟ್ಯಾಂಡಿನ ಹೂವಿನ ಅಂಗಡಿಯವರು. ಹೆಣ್ಣಿನ ಅಪ್ಪ. ಅವರೂ ನನ್ನ ಗುರುತು ಹಿಡಿದರು.

“ಲೇ ಇವ್ಳೇ, ಬಾ ಇಲ್ಲಿ” ಅಂತ ಒಳಗಿದ್ದ ಹೆಂಡತಿಯನ್ನು ಕೂಗಿದರು. “ಅವತ್ತು ಹೇಳಿದ್ನಲ್ಲ, ತೊಟ್ಲು ಹೊತ್ಕೊಂಡ್ ಬಂದಿದ್ದ ಹುಡುಗ. ಇವ್ನೇ ಕಣೇ. ಹೆಣ್ ನೋಡೋಕ್ ಮುಂಚೇನೇ ತೊಟ್ಲು ತಂದಿದ್ದ.”

ಒಳಗಿನಿಂದ ಹುಡುಗಿ ನಕ್ಕದ್ದು ಕೇಳಿಸಿತು. ಮದುವೆ ಆಯಿತು. ನಾವು ಅತ್ತಿಗೆಯ ಮನೆಯಿಂದ ನಾಲ್ಕು ಮನೆ ಆಚೆ ಬಾಡಿಗೆಗೆ ಹೋದೆವು.

ಮದುವೆಯ ಮಾತು ಬಂದದ್ದರಿಂದ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಯಾವ ಕಾರ್ಯವಾದರೂ ಕರೆಯುವುದು ಅಂತ ಒಂದಿದೆ. ಗಂಡ ಹೆಂಡತಿ ಇಬ್ಬರೂ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋಗಬೇಕು. ಹೊಸಿಲಾಚೆ ನಿಂತು ಹೇಳಿದರೆ ಆಗದು. ಒಳಗೆ ಹೋಗಿ ಕೂತು, ಕುಂಕುಮ ಕೊಟ್ಟು, “ಎಲ್ರೂ ಬರ್ಬೇಕು” ಅನ್ನಬೇಕು. ಮೊದಲ ಕರೆ ಸ್ವಂತದವರಿಗೆ. ಪತ್ರಿಕೆಯಲ್ಲಿ ಹೆಸರು ಅಚ್ಚಾಗಿದ್ದರೂ, ಅಡಿಗೆಗೆ ತರಕಾರಿ ಹೆಚ್ಚಿಕೊಟ್ಟು ಬಂದಿದ್ದರೂ, ಕರೆಯದಿದ್ದರೆ ಊಟಕ್ಕೆ ಹೋಗುವ ಹಾಗಿಲ್ಲ. ಒಂದು ಸಲ ಅತ್ತಿಗೆಯ ಹತ್ತಿರದ ನೆಂಟರೊಬ್ಬರು ಗೃಹಪ್ರವೇಶಕ್ಕೆ ಕಾಂಪೌಂಡ್ ಗೋಡೆಯ ಆಚೆಯಿಂದಲೇ, “ಬಂದ್ಬುಡಿ ಎಲ್ರೂ” ಅಂದುಬಿಟ್ಟರು. ಅತ್ತಿಗೆ ಹಿಂದಿನ ದಿನ ಅವರ ಮನೆಗೆ ಹೋಗಿ ರಂಗೋಲಿ ಹಾಕಿಕೊಟ್ಟು ಬಂದರು. ಗೃಹಪ್ರವೇಶದ ದಿನ ಮಾತ್ರ ಮನೆಯಲ್ಲೇ ಹುರುಳಿಕಾಳು ಸಾರು ಮಾಡಿಕೊಂಡು ಉಂಡರು.

“ಗೋಡೆ ಮೇಲಿಂದ ಕರೆದ್ರೆ ಕೋಳಿ ಕರ್ದಂಗೆ. ಮನುಷ್ಯರ್ನ ಕರ್ದಂಗಲ್ಲ” ಅಂದಿದ್ದರು. ಇದನ್ನು ನಾನು ಕಿವಿಯಾರೆ ಕೇಳಿದ್ದೆ. ಕೇಳಿಯೂ ಮುಂದೆ ಏನು ಮಾಡಿದೆ ಅನ್ನುವುದೇ ಈ ಕಥೆ.

ನಮ್ಮ ಬೀದಿಯ ದೊಡ್ಡ ಕೊರತೆ ನೀರು. ಹೊಸ ಬಡಾವಣೆ, ಪೈಪು ನಮ್ಮ ತನಕ ಬಂದಿರಲಿಲ್ಲ. ದಿನ ಬಿಟ್ಟು ದಿನ ಟ್ಯಾಂಕರ್ ಬರುತ್ತಿತ್ತು. ಟ್ಯಾಂಕರ್ ಬಂದ ದಿನ ಬೀದಿ ಸಂತೆ. ಅಲ್ಲಿ ಅತ್ತಿಗೆಯದೇ ಆಡಳಿತ. ಬೆಳಿಗ್ಗೆಯೇ ಕೊಡಗಳನ್ನು ಸಾಲಾಗಿ ಇಡಿಸುತ್ತಿದ್ದರು. ಹಸುಗೂಸಿನ ಮನೆಯ ಕೊಡ ಮೊದಲು, ಮುದುಕರಿದ್ದ ಮನೆಯದು ಆಮೇಲೆ, ಗಟ್ಟಿಯಾಗಿರುವವರದು ಕೊನೆಗೆ. ಅತ್ತಿಗೆಯದು ಯಾವಾಗಲೂ ಕೊನೇ ಕೊಡ. ಯಾರಾದರೂ ನಡುವೆ ಕೊಡ ತೂರಿಸಿದರೆ, “ಆ ಕೊಡಕ್ಕೆ ಕಾಲು ಬಂದವೆ, ವಾಪಸ್ ನಡ್ಸು” ಅನ್ನುತ್ತಿದ್ದರು. ಗುಬ್ಬಿ ಕಡೆಯವರು, ಕುಣಿಗಲ್ ಕಡೆಯವರು ಅಂತ ಬೀದಿಯಲ್ಲಿ ಎರಡು ಪಂಗಡ. ಅತ್ತಿಗೆಯ ಸಾಲಿನಲ್ಲಿ ಮಾತ್ರ ಒಂದೇ.

ನಾನು ನಲ್ಲಿಗಾಗಿ ಅರ್ಜಿ ಹೊಡೆದೆ. ಮತ್ತೆ ಹೊಡೆದೆ. ನನ್ನ ಅರ್ಜಿಗಳು ಒಂದು ಫೈಲು ತುಂಬಿದವು. ಒಂದು ಬೆಳಿಗ್ಗೆ ಟೀ ಅಂಗಡಿಯಲ್ಲಿ, ನಿವೃತ್ತ ಮೇಷ್ಟ್ರೊಬ್ಬರು ಪೇಪರು ಮಡಚುತ್ತಾ ಹೇಳಿದರು:

“ಏನಯ್ಯ ಅರ್ಜಿಯಣ್ಣ, ಎಷ್ಟು ದಿನ ಅಂತ ಟೇಬಲ್‌ನ ಈ ಕಡೆ ನಿಂತ್ಕೊಂತೀಯ? ನಗರಸಭೆ ಎಲೆಕ್ಷನ್ ಬರ್ತಾ ಇದೆ. ನಿಂತ್ಕೊ. ಗೆದ್ದು ಆ ಕಡೆ ಕೂತ್ಕೊ. ನಲ್ಲಿ ತಾನಾಗಿ ಬರ್ತದೆ.”

“ನನ್ನಂತೋನ್ಗೆ ಯಾರು ಸರ್ ಓಟ್ ಹಾಕ್ತಾರೆ?”

“ನೀನು ಅರ್ಜಿ ಬರ್ಕೊಟ್ಟ ಮನೆಗಳ್ನ ಎಣಿಸ್ಕೊ. ಆಮೇಲೆ ಮಾತಾಡು.”

ಮನೆಗೆ ಹೋಗಿ ಎಣಿಸಿದೆ. ಬೆರಳು ಸಾಲಲಿಲ್ಲ. ಎರಡು ಸಾವಿರದ ಆಸುಪಾಸಿನಲ್ಲಿ ನಡೆದ ಆ ಚುನಾವಣೆಗೆ ಪಕ್ಷೇತರನಾಗಿ ನಿಂತೇಬಿಟ್ಟೆ. ಗೆದ್ದರೆ ಬೀದಿಗೆ ನಲ್ಲಿ, ಇಷ್ಟೇ ನನ್ನ ಪ್ರಣಾಳಿಕೆ. ನನಗೆ ಸಿಕ್ಕಿದ ಗುರುತು ಸೀಲಿಂಗ್ ಫ್ಯಾನು. ಟೀ ಅಂಗಡಿಯವನು ಕರಪತ್ರ ತಿರುಗಿಸಿ ಮುರುಗಿಸಿ ನೋಡಿ, “ಎಲ್ಲಾ ಶೀಟಿನ ಮನೆ. ಫ್ಯಾನ್ ಎಲ್ಲಿಗಣ್ಣ ನೇತಾಕೋದು?” ಅಂದ.

ಓಟು ಕೇಳುವ ಬಗೆಯನ್ನು ಹೇಳಿಕೊಟ್ಟವಳು ನನ್ನ ಹೆಂಡತಿ. “ರೀ, ಮೈಕು ಬೇಡ, ಆಟೋ ಬೇಡ. ಮದುವೆಗೆ ಕರ್ದಂಗೆ ಕರೆಯೋಣ. ಕುಂಕುಮದ ಬಟ್ಲು ನಾನ್ ಹಿಡ್ಕೊತೀನಿ.” ಅದು ಚೆನ್ನಾಗಿ ಹಿಡಿಯಿತು. ಎದುರಾಳಿಗಳು ಮೈಕಿನಲ್ಲಿ ಕೂಗಿಕೊಂಡು ಹೋಗುತ್ತಿದ್ದರೆ ನಾವು ಒಳಗೆ ಹೋಗಿ ಕೂತು, ನೀರು ಕುಡಿದು, ಕುಂಕುಮ ಕೊಟ್ಟು, “ಎಲ್ರೂ ಬಂದು ಹಾಕ್ಬೇಕು” ಅನ್ನುತ್ತಿದ್ದೆವು. ರೈಲ್ವೆ ಗೇಟಿನ ಪಕ್ಕದ ಗುಡಿಸಲಿನಿಂದ ಹಿಡಿದು ಮಹಡಿ ಮನೆಗಳವರೆಗೆ ವಾರ್ಡಿನಲ್ಲಿ ಒಂದು ಬಾಗಿಲೂ ಬಿಡಲಿಲ್ಲ. ನಾಯಿ ಇದ್ದ ಮನೆಗಳಿಗೆ ಎರಡೆರಡು ಸಲ ಹೋದೆವು.

ಬಿಸಿಲು ಏರಿದ ಮೇಲೆ ನಮ್ಮ ತಂಡ ಬಂದು ಕೂರುತ್ತಿದ್ದದ್ದು ಅತ್ತಿಗೆಯ ಜಗಲಿಯಲ್ಲಿ. ಅವರು ದಿನಾ ಒಂದು ಕೊಡ ಮಜ್ಜಿಗೆ ಮಾಡಿ, ಮೆಣಸಿನಕಾಯಿ ಕೊತ್ತಂಬರಿ ಹಾಕಿ ಕಾಯುತ್ತಿದ್ದರು. ಅದೂ ಟ್ಯಾಂಕರ್ ನೀರಿನ ದಿನಗಳಲ್ಲಿ. ನಾವು ಎರಡೆರಡು ಲೋಟ ಕುಡಿದು, ಬಾಯಿ ಒರೆಸಿಕೊಂಡು, ಪಕ್ಕದ ಮನೆಯ ಬಾಗಿಲು ತಟ್ಟಲು ಹೋಗುತ್ತಿದ್ದೆವು.

ಪ್ರಚಾರದ ಕೊನೇ ದಿನ ಲೋಟ ತೆಗೆದುಕೊಳ್ಳುತ್ತಾ ಅತ್ತಿಗೆ ಕೇಳಿದರು: “ಎಲ್ಲಾ ಮನೆ ಆಯ್ತಾ?”

“ಎಲ್ಲಾ ಆಯ್ತು ಅತ್ಗೆಮ್ಮ.”

“ಯಾವ್ದೂ ಬಿಟ್ಟಿಲ್ವಾ?”

“ಒಂದೂ ಬಿಟ್ಟಿಲ್ಲ.”

ಅವರು ಲೋಟಗಳನ್ನು ಒಂದರೊಳಗೊಂದು ಇಟ್ಟು, “ಸರಿ ಬುಡು” ಅಂದು ಒಳಗೆ ಹೋದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಓಟಿನ ದಿನ ಬೆಳಿಗ್ಗೆಯಿಂದ ನನಗೆ ಕಾಲು ನಿಲ್ಲಲಿಲ್ಲ. ಕಾಲು ಬಾರದ ಅಜ್ಜಂದಿರನ್ನು ಆಟೋದಲ್ಲಿ ಕರೆತಂದೆ. ಬೂತಿನ ಹೊರಗೆ ಮೇಷ್ಟ್ರು ಮತದಾರರ ಪಟ್ಟಿ ಹಿಡಿದು, ಬಂದವರ ಹೆಸರಿಗೆ ಪೆನ್ಸಿಲ್ ಗೀಟು ಎಳೆಯುತ್ತಾ ಕೂತಿದ್ದರು. ನನ್ನ ಮೊದಲ ಅರ್ಜಿಯ ಆ ವಿಧವೆಯೂ ಬಂದು, ಬೆರಳಿನ ಶಾಯಿ ತೋರಿಸಿ, “ನಾನಿನ್ನೂ ಇದೀನಿ ಕಣಪ್ಪ” ಅಂತ ನಕ್ಕು ಹೋದರು. ಗೆದ್ದೆ ಅಂತಲೇ ಅಂದುಕೊಂಡೆ.

ಎಣಿಕೆಯ ದಿನ ಎರಡು ಓಟಿನಿಂದ ಸೋತೆ.

ಮತ್ತೊಮ್ಮೆ ಎಣಿಸಿದರು. ಎರಡೇ. ಗೆದ್ದವರು ಒಳ್ಳೆಯ ಮನುಷ್ಯ. ಹಾರ ಹಾಕಿಸಿಕೊಂಡ ಕುತ್ತಿಗೆಯಲ್ಲೇ ಬಂದು ಕೈ ಕುಲುಕಿ, “ಫ್ಯಾನು ಇನ್ನೊಂಚೂರು ಸ್ಪೀಡಾಗಿ ತಿರುಗಿದ್ರೆ ನಾನು ಹಾರೋಗ್ತಿದ್ದೆ” ಅಂದರು. ನಾನೂ ನಕ್ಕೆ. ನಕ್ಕು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಪಕ್ಕದಲ್ಲಿ ಮೇಷ್ಟ್ರು ತಮ್ಮ ಪೆನ್ಸಿಲಿನ ಪಟ್ಟಿ ಬಿಡಿಸಿ ನಮ್ಮ ಬೀದಿಯ ಪುಟ ನೋಡುತ್ತಿದ್ದರು. ಗೀಟು ಬೀಳದ ಹೆಸರು ಹುಡುಕುತ್ತಾ ಬಂದ ಅವರ ಬೆರಳು ಒಂದು ಮನೆಯ ನಂಬರಿನ ಮೇಲೆ ನಿಂತಿತು. ಆ ಮನೆಯಲ್ಲಿ ಮೂರು ಹೆಸರು. ಅಣ್ಣ, ಅತ್ತಿಗೆ, ಅವರ ಜೊತೆಗೇ ಇದ್ದ ಅತ್ತಿಗೆಯ ತಾಯಿ. ಮೂರಕ್ಕೂ ಗೀಟಿಲ್ಲ.

ಮೇಷ್ಟ್ರು ನನ್ನ ಮುಖ ನೋಡಲಿಲ್ಲ. ಪಟ್ಟಿಯನ್ನು ಮೆಲ್ಲಗೆ ಮಡಚಿದರು.

ಸೀದಾ ಅತ್ತಿಗೆಯ ಮನೆಗೆ ಹೋದೆ. ಕೋಪದಲ್ಲೇ ಹೋದೆ, ಅದನ್ನು ಮುಚ್ಚಿಡಬಾರದು. ಅಣ್ಣ ಜಗಲಿಯಲ್ಲಿದ್ದ, ನನ್ನನ್ನು ನೋಡಿ ಒಳಗಿನ ಬಾಗಿಲು ತೋರಿಸಿದ. ಅತ್ತಿಗೆ ನೆಲದ ಮೇಲೆ ಕೂತು ಒಂದು ರೇಷ್ಮೆ ಸೀರೆ ಮಡಚುತ್ತಿದ್ದರು. ನನ್ನ ಮದುವೆಯಲ್ಲಿ ಉಟ್ಟಿದ್ದ ಸೀರೆ. ಅವರ ಹತ್ತಿರ ಇದ್ದದ್ದು ಅದೊಂದೇ ರೇಷ್ಮೆ.

“ಓಟಿನ ದಿನ ಹೋಗ್ಲಿಲ್ವಾ ಅತ್ಗೆಮ್ಮ?”

“ಇಲ್ಲ ಕಣಪ್ಪ.”

“ಯಾಕೆ?”

“ಬೆಳಿಗ್ಗೆ ತಲೆಗೆ ನೀರ್ ಹಾಕ್ಕೊಂಡು ಈ ಸೀರೆ ಉಟ್ಕೊಂಡೆ. ನಮ್ಮವ್ವಂಗೂ ಉಡಿಸ್ದೆ. ನಿಮ್ಮಣ್ಣಂಗೆ ಇಸ್ತ್ರಿ ಶರ್ಟು. ನೀನು ಬತ್ತೀಯ, ಕರೀತೀಯ ಅಂತ ಕೂತಿದ್ವಿ.” ಸೀರೆಯ ಅಂಚನ್ನು ಉಗುರಿನಿಂದ ನೇರ ಮಾಡಿದರು. “ಆಟೋ ಎರಡು ಸಲ ಬಾಗ್ಲ ಮುಂದೆ ಹೋಯ್ತು. ಪಕ್ಕದ ಮನೆ ಅಜ್ಜಂಗೆ ಬಂತು. ಎದುರು ಮನೆಯೋರಿಗೆ ಬಂತು. ಸಾಯಂಕಾಲ ಐದಾಯ್ತು. ಆಮೇಲೆ ಬಿಚ್ಚಿಟ್ಟೆ.”

“ನಮ್ಮೋರು ಅಲ್ವಾ ಅತ್ಗೆಮ್ಮ ನೀವು? ನಿಮ್ಮನ್ನ ಏನ್ ಕೇಳೋದು ಅಂತ...”

“ನಮ್ಮೋರು ಅಂದ್ರೆ ಮಜ್ಜಿಗೆ ಕೊಡೋರು ಅಂತಾನಾ?”

ಅವರ ದನಿಯಲ್ಲಿ ಕೋಪ ಇರಲಿಲ್ಲ, ಅದೇ ಕಷ್ಟವಾಯಿತು. “ನಿಂಗೆ ಓಟ್ ಹಾಕ್ಬಾರ್ದು ಅಂತ ಏನಿಲ್ಲ ಮಗ. ಕರೀದೇ ಎದ್ದು ಹೋಗೋಕೆ ಕಾಲು ಬರ್ಲಿಲ್ಲ. ಇನ್ನೊಂದ್ ಸ್ವಲ್ಪ ಹೊತ್ತಿಗೆ ಬತ್ತಾನೆ, ಇನ್ನೊಂದ್ ಸ್ವಲ್ಪ ಹೊತ್ತಿಗೆ ಬತ್ತಾನೆ ಅಂದ್ಕೊಂಡು ಕೂತ್ಬುಟ್ಟೆ. ಎರಡೇ ಓಟಿಗೆ ಸೋಲ್ತೀಯ ಅಂತ ನಂಗೇನ್ ಗೊತ್ತು?” ಅಂದು ಸೆರಗಿನಿಂದ ಮೂಗು ಒರೆಸಿಕೊಂಡರು.

ಅಣ್ಣನನ್ನು, “ನೀನಾದ್ರೂ ಹೋಗ್ಬಾರ್ದಿತ್ತಾ?” ಅಂತ ಕೇಳಿದೆ. ಅವನು, “ಅವಳು ಹೊರಡ್ಲಿಲ್ಲ, ನಾನು ಹೊರಟ್ರೆ ಸಂಜೆ ಊಟಕ್ಕೆ ಎಲ್ಲಿಗ್ ಹೋಗ್ಲಿ?” ಅಂದ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಕುಂಕುಮದ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ಕೂತುಬಿಟ್ಟಳು. “ನೀವು ಕೇಳಿರ್ತೀರಾ ಅನ್ಕೊಂಡೆ ಕಣ್ರೀ” ಅಂದಳು. ನಾನು ಅವಳು ಕೇಳಿರುತ್ತಾಳೆ ಅಂತ ಕೂಡ ಅಂದುಕೊಂಡಿರಲಿಲ್ಲ. ಕೇಳಬೇಕು ಅನ್ನುವುದೇ ತಲೆಗೆ ಬಂದಿರಲಿಲ್ಲ. ವಾರ್ಡಿನ ನಾಯಿಗಳಿಗೆಲ್ಲ ನನ್ನ ಗುರುತಾಗಿತ್ತು, ನನ್ನನ್ನು ಶಾಲೆಗೆ ಅಟ್ಟಿದವರ ಮುಂದೆ ಮಾತ್ರ ಒಂದು ನಿಮಿಷ ಕೂತಿರಲಿಲ್ಲ.

ಅತ್ತಿಗೆ ಮಾತು ಬಿಡಲಿಲ್ಲ. ಮುಂದಿನ ಭಾನುವಾರ ಯಾರದೋ ಕೈ ಹಿಡಿದು ಕರೆದುಕೊಂಡು ಬಂದು, “ಇವನಿಗೊಂದು ಬರ್ಕೊಡು” ಅಂದರು, ಏನೂ ನಡೆದೇ ಇಲ್ಲ ಅನ್ನುವ ಹಾಗೆ. ಗೆದ್ದವರು ತಮ್ಮ ಕೈಲಾದಷ್ಟು ಮಾಡಿ ಪೈಪನ್ನು ಬೀದಿಯ ಬಾಯಿಯವರೆಗೆ ತಂದರು. ಅಲ್ಲೊಂದು ನಲ್ಲಿ ಬಂತು. ಒಳಗಿನ ಮನೆಗಳಿಗೆ ಟ್ಯಾಂಕರೇ ಗತಿ. ನಾನು ತೂತು ಕೊರೆಯುತ್ತಾ, ಅರ್ಜಿ ಹೊಡೆಯುತ್ತಾ ಮುಂದಿನ ಚುನಾವಣೆಗೆ ಕಾದೆ. ಈ ಸಲ ಮೊದಲ ಕುಂಕುಮ ಅತ್ತಿಗೆಗೇ ಅಂತ ನಿಶ್ಚಯ ಮಾಡಿಕೊಂಡಿದ್ದೆ.

ಅವಧಿ ಮುಗಿದು ಚುನಾವಣೆ ಬಂದಾಗ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು.

ಟೀ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: “ಹೆಂಡ್ತೀನ ನಿಲ್ಸು. ಹೆಸರು ಅವ್ರದು, ಕೆಲಸ ನಿಂದು.” ನನಗೂ ಅದೇ ಸರಿ ಕಂಡಿತು. ಮನೆಯಲ್ಲಿ ಹೇಳಿದೆ. ಅವಳು ಹೂ ಕಟ್ಟುತ್ತಿದ್ದವಳು ದಾರ ಕಚ್ಚಿ ಹಿಡಿದು, “ನನ್ ಹೆಸ್ರಲ್ಲಿ ನೀವ್ ಮೆಂಬರ್ ಆಗೋಕೆ ನಾನ್ಯಾಕ್ರೀ?” ಅಂದಳು.

“ಮತ್ತೆ ನಲ್ಲಿ?”

“ನಲ್ಲಿ ಬೇಕು ತಾನೆ? ಟ್ಯಾಂಕರ್ ಸಾಲು ನಿಲ್ಸೋರು ಯಾರು ಈ ಬೀದೀಲಿ? ನಿಮ್ ಅರ್ಜಿಗೆ ಜನ ತಂದ್ಕೊಟ್ಟೋರು ಯಾರು?” ದಾರವನ್ನು ಎಳೆದು ಗಂಟು ಹಾಕಿದಳು. “ಅವ್ರನ್ನ ಕೇಳಿ. ಈ ಸಲನಾದ್ರೂ ಕೇಳಿ.”

ಮಾರನೇ ದಿನ ಇಬ್ಬರೂ ಸ್ನಾನ ಮಾಡಿ, ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಊರಿನಿಂದ ಬಂದಿದ್ದ ತೆಂಗಿನಕಾಯಿ ಇಟ್ಟುಕೊಂಡು ನಾಲ್ಕು ಮನೆ ದಾಟಿ ಹೋದೆವು. ಒಳಗೆ ಹೋಗಿ ಚಾಪೆ ಮೇಲೆ ಕೂತೆವು. ಅತ್ತಿಗೆ, “ಏನ್ಲಾ ಇದು, ಯಾರ ಮದ್ವೆ?” ಅಂದರು. ಹೆಂಡತಿ ಕುಂಕುಮ ಕೊಟ್ಟಳು. “ಈ ಸಲ ಎಲೆಕ್ಷನ್‌ಗೆ ನೀವೇ ನಿಲ್ಬೇಕು ಅತ್ಗೆಮ್ಮ” ಅಂತ ನಾನು ಹೇಳಿದೆ.

ಅತ್ತಿಗೆ ಬಾಗಿಲ ಕಡೆ ನೋಡಿದರು, ಬೇರೆ ಯಾರಿಗಾದರೂ ಹೇಳುತ್ತಿದ್ದೀನಾ ಅನ್ನುವ ಹಾಗೆ. “ಹೆಬ್ಬೆಟ್ಟಿನೋಳ್ನ ಕೂರಿಸ್ಕೊಂಡು ನಗಾಡ್ತೀರಾ? ಅಲ್ಲಿ ಕಾಗದ ಕೊಟ್ಟು ರುಜು ಹಾಕು ಅಂತಾರೆ.”

“ಸಾಯಂಕಾಲ ಹೊತ್ತು ನಾನ್ ಹೇಳ್ಕೊಡ್ತೀನಿ.”

“ನಂಗೆ ಐವತ್ತು ಕಣೋ.”

“ಅದಕ್ಕೇ ಬೇಗ ಶುರು ಮಾಡಿ ಅಂತಿರೋದು.”

ಅಣ್ಣ ಮೊದಲು ನಕ್ಕ. ಆಮೇಲೆ ಅತ್ತಿಗೆಯೂ ನಕ್ಕು, ತಟ್ಟೆಯಿಂದ ಎಲೆ ಅಡಿಕೆ ತೆಗೆದುಕೊಂಡರು.

ಅವರು ಕಲಿತದ್ದು ರಾಗಿ ಹಿಟ್ಟಿನ ಮೊರದ ಮೇಲೆ. ಹಿಟ್ಟು ಹರಡಿಕೊಂಡು ಬೆರಳಿನಲ್ಲಿ ತಮ್ಮ ಹೆಸರು ತಿದ್ದುವುದು, ಮೊರ ಅಲ್ಲಾಡಿಸಿ ಅಳಿಸುವುದು, ಮತ್ತೆ ತಿದ್ದುವುದು. ಆಮೇಲೆ ಅದೇ ಹಿಟ್ಟಿನಲ್ಲಿ ಮುದ್ದೆ. ಅವರ ಹೆಸರಲ್ಲಿ ಒಂದು ಒತ್ತಕ್ಷರ ಇತ್ತು, ಅದು ಮಾತ್ರ ಪಕ್ಕಕ್ಕೆ ಜಾರುತ್ತಿತ್ತು. ನಾಮಪತ್ರದ ದಿನ ಅಧಿಕಾರಿಯ ಮುಂದೆ ಪೆನ್ನು ಹಿಡಿದು, ಸಾಲಿನಲ್ಲಿ ಕೊಡ ಇಡುವ ಹಾಗೆ ಒಂದೊಂದೇ ಅಕ್ಷರ ಇಟ್ಟರು. ಹಿಂದೆ ನಿಂತವರು ಕೆಮ್ಮಿದರು. “ಇರ್ರಪ್ಪ, ಬತ್ತಾ ಇದೆ” ಅಂದರು.

ಅವರು ಗೆದ್ದರು. ಮೊದಲ ಸಭೆಗೆ ನಾನೂ ಜೊತೆ ಹೊರಟಾಗ, “ನೀನು ಬಾಗ್ಲಲ್ಲೇ ಇರು. ಕಾಗದ ಓದ್ಬೇಕಾದ್ರೆ ಕರೀತೀನಿ” ಅಂದರು. ಪೈಪು ಒಳಗಿನ ಮನೆಗಳಿಗೆ ಬರಲು ಮೂರನೇ ವರ್ಷವಾಯಿತು. ಅರ್ಜಿಗಳನ್ನು ನಾನೇ ಹೊಡೆದೆ, ಎರಡು ಬೆರಳಲ್ಲಿ. ಈಗ ಅವನ್ನು ಹಿಡಿದು ಟೇಬಲ್‌ನ ಆ ಕಡೆ ಕೂರುತ್ತಿದ್ದವರು ಅತ್ತಿಗೆ. ನಲ್ಲಿ ಹಾಕುವಾಗಲೂ ಹಸುಗೂಸಿನ ಮನೆ ಮೊದಲು, ಅವರ ಮನೆ ಕೊನೆಗೆ.

ಆದರೆ ನನಗೆ ನೆನಪಾಗುವುದು ನೀರು ಬಂದ ದಿನವಲ್ಲ, ನಾಮಪತ್ರ ಹಾಕಿದ ಮಾರನೇ ಬೆಳಿಗ್ಗೆ. ನಾನು ಬನಿಯನ್ನಿನಲ್ಲಿ ನಿಂತು, ಕಿಟಕಿಗೆ ಕನ್ನಡಿ ಸಿಕ್ಕಿಸಿ ಮುಖಕ್ಕೆ ಸೋಪು ಹಚ್ಚಿಕೊಂಡಿದ್ದೆ. ಬಾಗಿಲಲ್ಲಿ ಬಳೆ ಸದ್ದಾಯಿತು. ಅತ್ತಿಗೆ. ಅದೇ ರೇಷ್ಮೆ ಸೀರೆ, ಕೈಯಲ್ಲಿ ಕುಂಕುಮದ ಬಟ್ಟಲು. ಹಿಂದೆ ಅಣ್ಣ, ಇಸ್ತ್ರಿ ಶರ್ಟಿನಲ್ಲಿ.

“ಬನ್ನಿ ಅತ್ಗೆಮ್ಮ. ಏನ್ ಇಷ್ಟ್ ಬೆಳಿಗ್ಗೇನೇ?”

“ಮುಖ ತೊಳ್ಕೊ. ಶರ್ಟ್ ಹಾಕ್ಕೊ. ಓಟ್ ಕೇಳೋಕ್ ಬಂದಿದೀನಿ. ಮೊದಲ್ನೇ ಮನೆ ಇದೇ.”

“ನಮ್ಮನೆ ಓಟು ನಿಮಗಲ್ದೆ ಇನ್ಯಾರಿಗೆ? ಇದಕ್ಕೂ ಕೇಳ್ಬೇಕಾ?”

ಅತ್ತಿಗೆ ಹೊಸಿಲಾಚೆಯೇ ನಿಂತು ನನ್ನನ್ನು ನೋಡಿದರು. ನಾನು ಒಳಗೆ ಹೋಗಿ ಮುಖ ತೊಳೆದು, ಅರ್ಧ ಕೆರೆದ ಗಡ್ಡದಲ್ಲೇ ಶರ್ಟು ಹಾಕಿಕೊಂಡು ಬಂದು ಚಾಪೆ ಹಾಸಿದೆ. ಅವರು ಒಳಗೆ ಬಂದು ಕೂತರು. ಹೆಂಡತಿ ಎರಡು ಲೋಟ ಮಜ್ಜಿಗೆ ತಂದಳು.

“ಇರ್ಲಿ, ಅಲ್ಲಿಡು” ಅಂದರು ಅತ್ತಿಗೆ.

ಮೊದಲು ಹೆಂಡತಿಗೆ ಕುಂಕುಮ ಕೊಟ್ಟು, ಆಮೇಲೆ ನನ್ನ ಕಡೆ ತಿರುಗಿ, ಹೊಸಬರ ಮನೆಗೆ ಬಂದವರ ಹಾಗೆ ಕೈ ಜೋಡಿಸಿ, “ನಿಂತಿದೀನಿ ಕಣಪ್ಪ. ಇಬ್ರೂ ಬಂದು ಹಾಕ್ಬೇಕು” ಅಂದರು. ನಾವು ಹೂಂ ಅಂದೆವು. ಆಮೇಲೆ ಮಜ್ಜಿಗೆ ಕುಡಿದರು.